ಕಾವ್ಯಶಿಕ್ಷಣದ ಗ್ರಂಥಗಳು ಮತ್ತು ಮಲಪ್ರಭೆಯ ಸೀಮೆ

ಬರೆಯುವ ಕಲೆಯನ್ನು ಪುಸ್ತಕದಿಂದ ಕಲಿಯಬಹುದೇ ಎಂಬ ಪ್ರಶ್ನೆ ಬಹು ಹಳೆಯದು. ಬರೆಯಬೇಕೆಂಬ ಹಂಬಲ ಹುಟ್ಟಿದ ತರುಣನು, ಹೇಗೆ ಬರೆಯಬೇಕೆಂದು ಹೇಳಿಕೊಡುವ ಪುಸ್ತಕವೊಂದನ್ನು ಮೊದಲು ಹುಡುಕುತ್ತಾನೆ. ಅದನ್ನು ಓದಿ ಮುಗಿಸಿದಾಗ ಕೆಲವರಿಗೆ ಹುರುಪು ಬರುತ್ತದೆ; ಹಲವರಿಗೆ ನಿರಾಶೆಯಾಗುತ್ತದೆ. ಒಂದೇ ಪುಸ್ತಕ ಒಬ್ಬನಿಗೆ ಊರುಗೋಲಾಗಿ ಇನ್ನೊಬ್ಬನಿಗೆ ಕಾಲ್ತೊಡಕಾಗುವುದೂ ಉಂಟು. ಇದು ಏಕೆ ಹೀಗೆ ಎಂಬುದನ್ನು ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಎಂಬ ನಾಲ್ಕು ತಾಲ್ಲೂಕುಗಳ ನೆಲದ ಮೇಲೆ ನಿಂತು ವಿಚಾರಿಸಬೇಕೆಂದಿದ್ದೇನೆ. ಈ ನೆಲವನ್ನೇ ಆರಿಸಿಕೊಂಡುದಕ್ಕೆ ಕಾರಣವಿದೆ. ಕನ್ನಡದಲ್ಲಿ ನಮಗೆ ದೊರೆತಿರುವ ಮೊತ್ತಮೊದಲ ಗ್ರಂಥವೇ ಕವಿಗಳಿಗೆ ದಾರಿ ಹೇಳುವ ಗ್ರಂಥ. ಆ ಗ್ರಂಥವು ಕನ್ನಡದ ತಿರುಳು ಇರುವ ಪ್ರದೇಶಕ್ಕೆ ಎಲ್ಲೆ ಕಟ್ಟುವಾಗ ಹೆಸರಿಸಿದ ನಾಲ್ಕು ಊರುಗಳಲ್ಲಿ ಒಂದು ಈ ಸೀಮೆಯಲ್ಲಿದೆ.

ಮೊದಲು ಹಿರಿಯರು ಈ ಪ್ರಶ್ನೆಗೆ ಏನು ಉತ್ತರ ಕೊಟ್ಟಿದ್ದಾರೆಂಬುದನ್ನು ಸಂಕ್ಷೇಪವಾಗಿ ನೋಡೋಣ. ಸಂಸ್ಕೃತದ ಆಲಂಕಾರಿಕರಲ್ಲಿ ದಂಡಿಯು ಉದಾರಿ. ಹುಟ್ಟಿನಿಂದ ಬಂದ ಪ್ರತಿಭೆ, ನಿರ್ಮಲವಾದ ವಿದ್ಯೆ, ಬಿಡದ ಪ್ರಯತ್ನ ಈ ಮೂರೂ ಕಾವ್ಯಕ್ಕೆ ಕಾರಣವೆಂದು ಹೇಳಿದ ಆತನು, ಮೊದಲನೆಯದು ಇಲ್ಲದಿದ್ದರೂ ಉಳಿದೆರಡರಿಂದ ವಾಗ್ದೇವಿಯನ್ನು ಸೇವಿಸಿದರೆ ಆಕೆ ಅಷ್ಟಿಷ್ಟಾದರೂ ಕೃಪೆ ತೋರದಿರಳೆಂದು ಸಮಾಧಾನ ಹೇಳುತ್ತಾನೆ. ಆತನ ಮಾತು ಎಷ್ಟೋ ಸಾಧಾರಣ ಬರಹಗಾರರಿಗೆ ಧೈರ್ಯ ಕೊಟ್ಟಿರಬೇಕು. ಹತ್ತನೆಯ ಶತಮಾನದ ಆಸುಪಾಸಿನ ರಾಜಶೇಖರನು ಕವಿಯ ದಿನಚರಿಯನ್ನೇ ಗೊತ್ತುಮಾಡಿ, ಯಾವ ಜಾವದಲ್ಲಿ ಓದಬೇಕು, ಯಾವ ಜಾವದಲ್ಲಿ ಬರೆಯಬೇಕು, ಮನೆ ಹೇಗಿರಬೇಕು ಎಂಬಲ್ಲಿಯವರೆಗೆ ವಿಧಿಸುತ್ತಾನೆ. ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರನು ‘ಕವಿಕಂಠಾಭರಣ’ದಲ್ಲಿ ಶಿಷ್ಯರನ್ನು ಮೂರು ತೆರನಾಗಿ ವಿಂಗಡಿಸಿದ್ದಾನೆ: ಅಲ್ಪ ಪ್ರಯತ್ನದಿಂದ ಕಲಿಯುವವರು, ಕಷ್ಟದಿಂದ ಕಲಿಯುವವರು, ಏನು ಮಾಡಿದರೂ ಕಲಿಯದವರು. ಈ ಮೂರನೆಯವರ ಗುಂಪಿನಲ್ಲಿ ಆತನು ಹುಟ್ಟಾ ಕಲ್ಲಿನಂಥವರನ್ನು ಮಾತ್ರ ಸೇರಿಸಲಿಲ್ಲ. ವ್ಯಾಕರಣದಿಂದ ಕೆಟ್ಟವರನ್ನೂ ತರ್ಕದಿಂದ ಸುಟ್ಟವರನ್ನೂ ಸೇರಿಸಿದನು. ಪುಸ್ತಕವೇ ಕವಿಯನ್ನು ಕೆಡಿಸಬಹುದೆಂಬ ಎಚ್ಚರಿಕೆಯನ್ನು ಪುಸ್ತಕ ಬರೆದವನೇ ಕೊಟ್ಟಿರುವುದು ಗಮನಿಸತಕ್ಕ ಸಂಗತಿ.

ಇನ್ನು ಕನ್ನಡಕ್ಕೆ ಬರೋಣ. ರಾಷ್ಟ್ರಕೂಟ ಚಕ್ರವರ್ತಿ ನೃಪತುಂಗ ಅಮೋಘವರ್ಷನು ಕ್ರಿ.ಶ. ೮೧೪ರಿಂದ ೮೭೮ರವರೆಗೆ ಮಾನ್ಯಖೇಟದಿಂದ ಆಳಿದನು. ಆತನ ಆಸ್ಥಾನದಲ್ಲಿ, ಸುಮಾರು ೮೫೦ರ ವೇಳೆಗೆ, ‘ಕವಿರಾಜಮಾರ್ಗ’ ಸಿದ್ಧವಾಯಿತು. ಅರಸನೇ ಇದರ ಕರ್ತೃವೆಂದು ಮೊದಲಿಗೆ ಕೆಲವರು ತಿಳಿದಿದ್ದರು. ಅರಸನ ಅನುಮತವನ್ನು ಪಡೆದು ಶ್ರೀವಿಜಯನು ಬರೆದನೆಂಬುದು ಈಗ ಬಹುಮಂದಿ ವಿದ್ವಾಂಸರು ಒಪ್ಪಿರುವ ಮಾತು. ಗ್ರಂಥದಲ್ಲಿ ಮೂರು ಪರಿಚ್ಛೇದಗಳಿವೆ. ಮೊದಲನೆಯದು ಕಾವ್ಯದ ದೋಷಾದೋಷಗಳನ್ನೂ, ಎರಡನೆಯದು ಶಬ್ದಾಲಂಕಾರಗಳನ್ನೂ, ಮೂರನೆಯದು ಅರ್ಥಾಲಂಕಾರಗಳನ್ನೂ ಹೇಳುತ್ತವೆ. ದಂಡಿಯ ‘ಕಾವ್ಯಾದರ್ಶ’ವೇ ಇದಕ್ಕೆ ಮುಖ್ಯ ಆಧಾರ.

ಒಂದು ಭಾಷೆಯ ಉಪಲಬ್ಧ ಸಾಹಿತ್ಯವು ಕಾವ್ಯದಿಂದ ಆರಂಭವಾಗದೆ ಕಾವ್ಯ ಬರೆಯುವ ಬಗೆಯನ್ನು ಹೇಳುವ ಗ್ರಂಥದಿಂದ ಆರಂಭವಾಗುವುದು ವಿಚಿತ್ರವೇ ಸರಿ. ಅದಕ್ಕೆ ಹಿಂದೆ ಕಾವ್ಯಗಳು ಇರಲಿಲ್ಲವೆಂದಲ್ಲ. ವಿಮಲೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಮೊದಲಾದ ಗದ್ಯಲೇಖಕರನ್ನೂ ಕವೀಶ್ವರ, ಪಂಡಿತ, ಚಂದ್ರ, ಲೋಕಪಾಲ ಮೊದಲಾದ ಪದ್ಯಕವಿಗಳನ್ನೂ ಅದೇ ಗ್ರಂಥ ಹೆಸರಿಸುತ್ತದೆ. ಬೆದಂಡೆ, ಚತ್ತಾಣ ಎಂಬ ದೇಸಿ ಕಾವ್ಯಪ್ರಕಾರಗಳನ್ನೂ ಹೇಳುತ್ತದೆ. ಆದರೆ ಆ ಕವಿಗಳ ಕೃತಿಗಳು ನಮ್ಮ ಕೈಗೆ ಬಂದಿಲ್ಲ. ಬರೆದವರು ಅಳಿದರು, ಹೇಗೆ ಬರೆಯಬೇಕೆಂದು ಹೇಳಿದ ಪುಸ್ತಕ ಉಳಿಯಿತು.

ಈ ಗ್ರಂಥ ಕನ್ನಡನಾಡಿನ ವಿಸ್ತಾರವನ್ನು ಕಾವೇರಿಯಿಂದ ಗೋದಾವರಿಯವರೆಗೆ ಎಂದು ಹೇಳಿ, ಅದರೊಳಗೆ ತಿರುಳಾದ ಭಾಗಕ್ಕೆ ನಾಲ್ಕು ಊರುಗಳ ಎಲ್ಲೆ ಕಟ್ಟುತ್ತದೆ: ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದ. ಕಿಸುವೊಳಲು ಎಂದರೆ ಪಟ್ಟದಕಲ್ಲು, ಕೊಪಣ ಇಂದಿನ ಕೊಪ್ಪಳ, ಪುಲಿಗೆರೆ ಲಕ್ಷ್ಮೇಶ್ವರ. ಒಕ್ಕುಂದವು ಬೈಲಹೊಂಗಲ ತಾಲ್ಲೂಕಿನಲ್ಲಿ ಮಲಪ್ರಭೆಯ ದಡದ ಮೇಲಿರುವ ಒಕ್ಕುಂದವೇ. ಜನರ ಬಾಯಲ್ಲಿ ವಕ್ಕುಂದ. ಅಲ್ಲಿ ಮುಕ್ತೇಶ್ವರನ ಗುಡಿಯೂ ಹಳೆಯ ಜೈನ ಬಸದಿಯೂ ಇವೆ. ಉಳಿದ ಮೂರು ಊರುಗಳಿಗೆ ಬಂದ ಖ್ಯಾತಿ ಈ ಊರಿಗೆ ಬರಲಿಲ್ಲ. ಪಟ್ಟದಕಲ್ಲಿಗೆ ಜಗತ್ತೇ ಬರುತ್ತದೆ. ಒಕ್ಕುಂದಕ್ಕೆ ಬರುವವರು ವಿರಳ.

ಹೊಳೆಯ ಹರಿವನ್ನು ನೆನೆಯಿರಿ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಕಿತ್ತೂರಿನ ನೆರೆಯಿಂದ ಹಾಯ್ದು, ಸಂಗೊಳ್ಳಿ ಒಕ್ಕುಂದಗಳ ಸೀಮೆಯನ್ನು ತೋಯಿಸಿ, ಸವದತ್ತಿಯ ನವಿಲುತೀರ್ಥದ ಇಕ್ಕಟ್ಟಿನಿಂದ ಇಳಿದು, ರಾಮದುರ್ಗವನ್ನು ಮುಟ್ಟಿ, ಪಟ್ಟದಕಲ್ಲು ಐಹೊಳೆಗಳ ಪಕ್ಕದಲ್ಲಿ ಹರಿದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತದೆ. ತಿರುಳ್ಗನ್ನಡದ ನಾಲ್ಕು ಮೂಲೆಗಳಲ್ಲಿ ಎರಡು ಈ ಒಂದೇ ಹೊಳೆಯ ದಂಡೆಯ ಮೇಲಿವೆ. ಹೊಳೆಯ ಕೊನೆಗೆ ವಚನಗಳ ಅಂಕಿತವಾದ ಊರಿದೆ. ಕನ್ನಡ ಕಾವ್ಯಶಿಕ್ಷಣದ ಕಥೆಯ ಮುಖ್ಯ ಘಟ್ಟಗಳನ್ನು ಈ ಹೊಳೆಗುಂಟ ನಡೆದೇ ಹೇಳಬಹುದು.

‘ಕವಿರಾಜಮಾರ್ಗ’ದಲ್ಲಿ ಬರಹಗಾರನಿಗೆ ಹುರುಪು ಕೊಡುವುದು ಯಾವುದು? ನನ್ನ ಅಭಿಪ್ರಾಯದಲ್ಲಿ ಅದು ಅಲಂಕಾರಗಳ ಲಕ್ಷಣವಲ್ಲ. ಜನರ ಕಡೆಗೆ ಆ ಗ್ರಂಥಕಾರನು ಕಿವಿಗೊಟ್ಟ ಭಾಗವೇ ಅದು. ಈ ನಾಡಿನ ಜನರು ಹದವರಿತು ನುಡಿಯಬಲ್ಲರು, ನುಡಿದುದನ್ನು ಅರಿತು ವಿಚಾರಿಸಬಲ್ಲರು, ಓದದವರೂ ಕಾವ್ಯಪ್ರಯೋಗದಲ್ಲಿ ಪಳಗಿದ ಬುದ್ಧಿಯುಳ್ಳವರು, ಮಕ್ಕಳಿಗೂ ವಿವೇಕವುಂಟು ಎಂಬ ಅರ್ಥದ ಮಾತುಗಳನ್ನು ಆತನು ಹೇಳಿದ್ದಾನೆ. ಒಂದು ಶಾಸ್ತ್ರಗ್ರಂಥವು ತಾನು ಕಲಿಸಹೊರಟ ವಿದ್ಯೆಯನ್ನು ಓದು ಬಾರದ ಜನ ಆಗಲೇ ಬಲ್ಲರು ಎಂದು ಆರಂಭದಲ್ಲಿಯೇ ಒಪ್ಪಿಕೊಳ್ಳುವುದು ಸಣ್ಣ ಮಾತಲ್ಲ.

ಆತನು ಹೇಳುವ ಇನ್ನೊಂದು ಮಾತು ದೇಸಿಯ ವೈವಿಧ್ಯವನ್ನು ಕುರಿತದ್ದು. ಕನ್ನಡವು ಪ್ರಾಂತ ಪ್ರಾಂತಕ್ಕೆ ಬೇರೆ ಬೇರೆಯಾಗಿರುವುದರಿಂದ ಅದರ ದೋಷ ಇಷ್ಟೇ ಎಂದು ಎಣಿಸಹೋದರೆ ಸಾವಿರ ನಾಲಗೆಯ ವಾಸುಕಿಗೂ ಬೇಸರ ಬಂದೀತೆಂದು ಆತನು ಹೇಳುತ್ತಾನೆ. ಇಲ್ಲಿ ಬೆರಗೂ ಇದೆ, ದಣಿವೂ ಇದೆ. ಕನ್ನಡ ಶಬ್ದವನ್ನೂ ಸಂಸ್ಕೃತ ಶಬ್ದವನ್ನೂ ಹದವರಿಯದೆ ಸಮಾಸ ಮಾಡಿದರೆ ಕುದಿಯುವ ಹಾಲಿನಲ್ಲಿ ಮಜ್ಜಿಗೆಯ ಹನಿ ಬಿದ್ದಂತೆ ಎಂದು ಹೇಳುವಾಗ ಆತನು ಅಡುಗೆಮನೆಯಿಂದಲೇ ಹೋಲಿಕೆ ತರುತ್ತಾನೆ. ಹಾಲು ಒಡೆದುದನ್ನು ಕಂಡ ಯಾವ ಗೃಹಿಣಿಗೂ ಈ ನಿಯಮ ಬೇಸರದ್ದಾಗಿ ತೋರುವುದಿಲ್ಲ. ದೋಷವುಳ್ಳ ಪದ್ಯವನ್ನು ಮೊದಲು ಕೊಟ್ಟು, ಅದನ್ನೇ ತಿದ್ದಿ ಮತ್ತೆ ತೋರಿಸುವ ಕ್ರಮವೂ ಒಳ್ಳೆಯ ಉಪಾಧ್ಯಾಯನದು. ಪಾಟಿಯ ಮೇಲೆ ಹುಡುಗ ಬರೆದ ತಪ್ಪನ್ನು ಅಳಿಸಿಬಿಡದೆ, ಪಕ್ಕದಲ್ಲಿಯೇ ಸರಿಯಾದುದನ್ನು ಬರೆದು ತೋರಿಸುವಂತಿದೆ ಅದು.

ನಿರಾಶೆ ಎಲ್ಲಿಂದ ಆರಂಭವಾಗುತ್ತದೆ? ಎರಡನೆಯ, ಮೂರನೆಯ ಪರಿಚ್ಛೇದಗಳಿಂದ. ಅಲ್ಲಿ ದಂಡಿಯ ಹಿಡಿತ ಬಿಗಿಯಾಗುತ್ತದೆ. ಉಪಮೆಯ ಪ್ರಭೇದಗಳು, ಯಮಕದ ಪ್ರಭೇದಗಳು, ಚಿತ್ರಬಂಧಗಳು ಸಾಲುಗಟ್ಟುತ್ತವೆ. ಮೊದಲ ಪರಿಚ್ಛೇದದಲ್ಲಿ ಕೇಳಿಸಿದ ನಾಡಿನ ದನಿ ಇಲ್ಲಿ ತಗ್ಗುತ್ತದೆ. ಬರೆಯಲು ಕಲಿಯಬೇಕೆಂದು ಬಂದವನಿಗೆ ವರ್ಗೀಕರಣದ ಪಟ್ಟಿಯೊಂದು ದೊರೆಯುತ್ತದೆ. ವಿದ್ವಾಂಸನಿಗೆ ಅದು ಬೆಲೆಯುಳ್ಳದ್ದು. ಬರಹಗಾರನಿಗೆ ಅದರಿಂದ ಆಗುವ ಉಪಯೋಗ ಸ್ವಲ್ಪ.

ಇನ್ನೊಂದು ತೊಡಕೂ ಇದೆ; ಈ ಸೀಮೆಯವರಾದ ನಾವು ಅದನ್ನು ಮರೆಯಬಾರದು. ತಿರುಳು ಇಲ್ಲಿದೆ ಎಂದು ಗೆರೆ ಎಳೆದವನು ಗೆರೆಯ ಆಚೆಗಿರುವುದು ತಿರುಳಲ್ಲವೆಂದೂ ಸೂಚಿಸಿದಂತಾಯಿತು. ನಕಾಶೆಯ ಮೇಲೆ ಆ ನಾಲ್ಕು ಊರುಗಳನ್ನು ಗೆರೆಯಿಂದ ಜೋಡಿಸಿ ನೋಡಿದರೆ ಕಿತ್ತೂರು ಹೊರಗೆ ಉಳಿಯುತ್ತದೆ. ಬೈಲಹೊಂಗಲ, ರಾಮದುರ್ಗಗಳು ಅಂಚಿಗೆ ನಿಲ್ಲುತ್ತವೆ. ಗ್ರಂಥಕಾರನು ಅಷ್ಟು ಬಿಗಿಯಾಗಿ ಅಳೆದಿರಲಾರನು, ನಿಜ. ಆದರೂ ಕಲೆಯನ್ನು ಹೇಳಿಕೊಡುವ ಗ್ರಂಥವು ಯಾರನ್ನಾದರೂ ಒಳಗೆ ಕರೆದುಕೊಳ್ಳುವಾಗ ಇನ್ನು ಕೆಲವರನ್ನು ಹೊರಗೆ ನಿಲ್ಲಿಸಿಯೇ ತೀರುತ್ತದೆಂಬುದಕ್ಕೆ ಇದು ನಿದರ್ಶನ.

ಹಾಗಾದರೆ ಈ ಗ್ರಂಥ ಕವಿಗಳನ್ನು ಹುಟ್ಟಿಸಿತೇ? ಸುಮಾರು ತೊಂಬತ್ತು ವರ್ಷಗಳ ಮೇಲೆ, ೯೪೧ರಲ್ಲಿ, ಪಂಪನು ತನ್ನ ಎರಡು ಕಾವ್ಯಗಳನ್ನು ಮುಗಿಸಿದನು. ತನ್ನ ಭಾಷೆಯನ್ನು ಪುಲಿಗೆರೆಯ ತಿರುಳ್ಗನ್ನಡವೆಂದು ಆತನು ಹೆಮ್ಮೆಯಿಂದ ಕರೆದುಕೊಂಡನು; ಪುಲಿಗೆರೆ ಆ ನಾಲ್ಕು ಊರುಗಳಲ್ಲಿ ಒಂದು. ಪಂಪನು ಅಲಂಕಾರಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ಬರೆದನೆಂದು ನಂಬುವುದು ಕಠಿಣ. ಆದರೆ ಒಂದು ಊರಿನ ಆಡುನುಡಿಯ ಹೆಸರನ್ನು ಮಹಾಕಾವ್ಯದ ಮೇಲೆ ಮುದ್ರೆಯಂತೆ ಒತ್ತಬಹುದೆಂಬ ಧೈರ್ಯವು ‘ಕವಿರಾಜಮಾರ್ಗ’ ಹುಟ್ಟಿದ ವಾತಾವರಣದಿಂದಲೇ ಬಂದುದು. ಪುಸ್ತಕದಿಂದ ಮಹಾಕವಿಗೆ ಸಿಗಬಹುದಾದುದು ಇಷ್ಟು. ಇದು ಕಡಿಮೆಯೂ ಅಲ್ಲ.

ಪುಸ್ತಕದ ನಿಯಮಗಳನ್ನು ಅಕ್ಷರಶಃ ಕಲಿತ ಶಿಷ್ಯರನ್ನು ನೋಡಬೇಕಾದರೆ ಸವದತ್ತಿಗೆ ಹೋಗಬೇಕು. ಅಂದಿನ ಸುಗಂಧವರ್ತಿಯು ಕೂಂಡಿ ಮೂರುಸಾಸಿರ ನಾಡನ್ನಾಳಿದ ರಟ್ಟರ ರಾಜಧಾನಿ. ಮುಂದೆ ಅವರು ವೇಣುಗ್ರಾಮಕ್ಕೆ, ಅಂದರೆ ಬೆಳಗಾವಿಗೆ, ಸಾಗಿದರು. ಅವರ ಆಶ್ರಯದಲ್ಲಿದ್ದ ಪಾರ್ಶ್ವಪಂಡಿತನು ೧೨೨೨ರಲ್ಲಿ ‘ಪಾರ್ಶ್ವನಾಥಪುರಾಣ’ವನ್ನು ಬರೆದನು. ಅವರ ಕಾಲದ ಶಾಸನಗಳು, ಮುಖ್ಯವಾಗಿ ಸವದತ್ತಿಯ ೧೨೨೮ರ ಶಾಸನ, ಪುಟ್ಟ ಚಂಪೂಕಾವ್ಯಗಳಂತಿವೆ. ಸಮುದ್ರದ ವರ್ಣನೆ, ಜಂಬೂದ್ವೀಪ, ಕುಂತಳ ದೇಶ, ಅರಸನ ವಂಶ, ಆತನ ಪರಾಕ್ರಮ, ದಾನಿಯ ಗುಣ ಎಲ್ಲವೂ ಶಾಸ್ತ್ರ ಹೇಳಿದ ಕ್ರಮದಲ್ಲಿ ಬರುತ್ತವೆ. ಛಂದಸ್ಸು ತಪ್ಪುವುದಿಲ್ಲ, ಪ್ರಾಸ ಜಾರುವುದಿಲ್ಲ. ಇಂಥ ಹತ್ತು ಶಾಸನಗಳನ್ನು ಓದಿದರೆ ಹನ್ನೊಂದನೆಯದರಲ್ಲಿ ಮುಂದೇನು ಬರುವುದೆಂದು ಓದುಗನು ಮೊದಲೇ ಹೇಳಬಲ್ಲನು. ಆದರೆ ಶಾಸನದ ಕೊನೆಗೆ ಬನ್ನಿ. ಯಾವ ಹೊಲ, ಅದಕ್ಕೆ ಯಾವ ದಿಕ್ಕಿನಲ್ಲಿ ಯಾವ ಎಲ್ಲೆ, ದೇವರ ದೀಪಕ್ಕೆ ಎಷ್ಟು ಎಣ್ಣೆ, ಸಂತೆಗೆ ಬಂದ ಎಲೆಯ ಹೇರಿಗೆ ಎಷ್ಟು ತೆರಿಗೆ ಎಂಬ ಬಗೆಯ ವಿವರಗಳು ಬರುವಾಗ ಭಾಷೆಗೆ ಫಕ್ಕನೆ ಜೀವ ಬರುತ್ತದೆ. ಮೇಲಿನ ಸಾಲುಗಳಲ್ಲಿ ಕವಿ ತನ್ನ ಪಾಠವನ್ನು ಒಪ್ಪಿಸುತ್ತಾನೆ. ಕೆಳಗಿನ ಸಾಲುಗಳಲ್ಲಿ ಊರು ಮಾತಾಡುತ್ತದೆ. ಕಾವ್ಯಶಿಕ್ಷಣದ ಲಾಭನಷ್ಟ ಎರಡನ್ನೂ ಒಂದೇ ಕಲ್ಲಿನ ಮೇಲೆ ನೋಡಬೇಕೆಂಬವರು ಇಂಥ ಶಾಸನಗಳನ್ನು ಓದಬೇಕು.

ಇದೇ ಸಂದರ್ಭದಲ್ಲಿ ಇನ್ನೊಂದು ಗ್ರಂಥವನ್ನು ನೆನೆಯಬೇಕು. ಹತ್ತನೆಯ ಶತಮಾನದ ಕೊನೆಯ ಒಂದನೆಯ ನಾಗವರ್ಮನು ‘ಛಂದೋಂಬುಧಿ’ಯನ್ನು ತನ್ನ ಹೆಂಡತಿಗೆ ಪಾಠ ಹೇಳುವ ರೀತಿಯಲ್ಲಿ ಬರೆದನು. ಸಂಸ್ಕೃತದಿಂದ ಬಂದ ವೃತ್ತಗಳನ್ನೆಲ್ಲ ಹೇಳಿ, ಕರ್ನಾಟಕ ವಿಷಯ ಜಾತಿಗಳೆಂಬ ಭಾಗದಲ್ಲಿ ತ್ರಿಪದಿ, ಏಳೆ, ಅಕ್ಕರ, ಷಟ್ಪದಿ ಮೊದಲಾದ ಅಚ್ಚಗನ್ನಡದ ಮಟ್ಟುಗಳಿಗೆ ಲಕ್ಷಣ ಕೊಟ್ಟನು. ತ್ರಿಪದಿಯು ಆತನಿಗಿಂತ ಎಷ್ಟೋ ಹಳೆಯದು. ರಾಮದುರ್ಗದ ನೆರೆಯ ಬಾದಾಮಿಯಲ್ಲಿ ಸುಮಾರು ೭೦೦ರ ಕಾಲದ ಕಪ್ಪೆ ಅರಭಟ್ಟನ ಶಾಸನದಲ್ಲಿಯೇ ಅದು ಬಂಡೆಯ ಮೇಲೆ ಕೆತ್ತಿದೆ. ನಮ್ಮ ಹೆಣ್ಣುಮಕ್ಕಳು ಬೀಸುವ ಕಲ್ಲಿನ ಮುಂದೆ ಕುಳಿತು ಹಾಡಿದ್ದೂ ಅದೇ ಮಟ್ಟು. ಅವರಲ್ಲಿ ಯಾರೂ ‘ಛಂದೋಂಬುಧಿ’ಯನ್ನು ಓದಿ ತ್ರಿಪದಿ ಕಲಿಯಲಿಲ್ಲ. ನಾಗವರ್ಮನೇ ನಾಡಿನ ಬಾಯಿಂದ ಅದನ್ನು ಕೇಳಿ ಕಲಿತನು. ಒಳ್ಳೆಯ ಲಕ್ಷಣಗ್ರಂಥ ಯಾವಾಗಲೂ ಮೊದಲು ಶಿಷ್ಯನಾಗಿ, ಅನಂತರ ಗುರುವಾಗುತ್ತದೆ.

ಈಗ ಹೊಳೆಯ ಕೊನೆಗೆ ಹೋಗೋಣ. ಹನ್ನೆರಡನೆಯ ಶತಮಾನದಲ್ಲಿ ಕೂಡಲಸಂಗಮದ ದೇವರ ಅಂಕಿತದಲ್ಲಿ ವಚನಗಳನ್ನು ನುಡಿದ ಬಸವಣ್ಣನವರು, ತಾಳ, ಗಣ, ಮಾತ್ರೆಗಳ ಲೆಕ್ಕ ತಮಗೆ ತಿಳಿಯದೆಂದೂ ಒಲಿದ ಹಾಗೆ ಹಾಡುವೆನೆಂದೂ ಹೇಳಿಕೊಂಡರು. ಅದು ಶಾಸ್ತ್ರ ತಿಳಿಯದವನ ಅಳುಕಿನ ಮಾತಲ್ಲ, ಕಾವ್ಯಶಿಕ್ಷಣದ ಒಟ್ಟು ಪರಂಪರೆಯ ಮುಂದೆ ನಿಂತು ಬೇರೆ ದಾರಿ ಹಿಡಿದವನ ಮಾತು. ಮಡಿವಾಳರು, ಅಂಬಿಗರು, ಮಾದಾರರು, ಹೆಣ್ಣುಮಕ್ಕಳು ತಂತಮ್ಮ ಕಾಯಕದ ಮಾತಿನಲ್ಲಿಯೇ ನುಡಿದರು. ಯಾವ ಅಲಂಕಾರಗ್ರಂಥವೂ ವಚನವೆಂಬ ಪ್ರಕಾರಕ್ಕೆ ಮೊದಲೇ ಲಕ್ಷಣ ಹೇಳಿರಲಿಲ್ಲ. ಆದರೂ ಒಂದು ವಿಷಯವನ್ನು ಗಮನಿಸಬೇಕು. ಓದದ ಜನರಲ್ಲಿಯೂ ಕಾವ್ಯಶಕ್ತಿ ಉಂಟೆಂದು ‘ಕವಿರಾಜಮಾರ್ಗ’ ಮೂರು ಶತಮಾನಗಳ ಹಿಂದೆ ಹೇಳಿದ ಮಾತನ್ನು ನಿಜ ಮಾಡಿ ತೋರಿಸಿದವರು, ಅದರ ನಿಯಮಗಳನ್ನು ಪಾಲಿಸಿದ ಆಸ್ಥಾನಕವಿಗಳಿಗಿಂತ ಹೆಚ್ಚಾಗಿ, ಅದರ ನಿಯಮಗಳನ್ನು ಬದಿಗಿಟ್ಟ ಈ ಶರಣರೇ.

ವಚನಗಳು ಬಂದುಹೋದ ಮೇಲೆ, ಸುಮಾರು ೧೨೬೦ರಲ್ಲಿ, ಕೇಶಿರಾಜನು ‘ಶಬ್ದಮಣಿದರ್ಪಣ’ವನ್ನು ಬರೆದನು. ಪಂಡಿತರ ಮನೆತನದ ಕುಡಿ ಆತನು. ತಂದೆ ಮಲ್ಲಿಕಾರ್ಜುನನು ‘ಸೂಕ್ತಿಸುಧಾರ್ಣವ’ವನ್ನು ಸಂಕಲಿಸಿದವನು, ಸೋದರಮಾವನು ಜನ್ನ. ತನ್ನ ವ್ಯಾಕರಣಕ್ಕೆ ಪ್ರಮಾಣವಾಗಿ ಆತನು ಹೆಸರಿಸಿದವರು ಗಜಗ, ಗುಣನಂದಿ, ಅಸಗ, ಶ್ರೀವಿಜಯ, ಪೊನ್ನ, ಪಂಪ ಮೊದಲಾದ ಹಳೆಯ ಕವಿಗಳು. ತನಗಿಂತ ಸ್ವಲ್ಪವೇ ಹಿಂದೆ ರಗಳೆಯಲ್ಲಿ ಬರೆದ ಹರಿಹರನಿಗಾಗಲಿ, ವಚನಕಾರರಿಗಾಗಲಿ ಆ ಸಾಲಿನಲ್ಲಿ ಸ್ಥಾನವಿಲ್ಲ. ಗ್ರಂಥ ಸುಂದರವಾಗಿದೆ, ಖಚಿತವಾಗಿದೆ. ಆದರೆ ಅದು ತೋರಿಸುವ ದಾರಿಯಲ್ಲಿ ನಡೆಯುವವರು ಆಗಲೇ ಕಡಿಮೆಯಾಗಿದ್ದರು. ಹಳಗನ್ನಡವನ್ನು ಅರಿಯಬೇಕೆಂಬ ನಮಗೆ ಅದು ಇಂದಿಗೂ ದೀಪ. ಆ ಕಾಲದ ಹೊಸ ಬರಹಗಾರನಿಗೆ ಅದು ಮುಚ್ಚಿದ ಬಾಗಿಲಿನಂತೆ ತೋರಿದ್ದರೆ ಆಶ್ಚರ್ಯವಿಲ್ಲ. ಲಕ್ಷಣಗ್ರಂಥಗಳು ಕಾಲದ ಹಿಂದೆ ನಡೆಯುತ್ತವೆ. ಮುಂದೆ ನಡೆಯುತ್ತವೆಂದು ತಿಳಿದು ಅವುಗಳ ಬೆನ್ನು ಹತ್ತಿದವನಿಗೆ ನಿರಾಶೆ ತಪ್ಪದು.

ಮತ್ತೆ ಮೇಲಿನ ದಂಡೆಗೆ, ಕಿತ್ತೂರಿನ ಕಡೆಗೆ ಬರೋಣ. ೧೮೨೪ರ ಅಕ್ಟೋಬರ್ ೨೩ರಂದು ಕಿತ್ತೂರಿನ ಕೋಟೆಯ ಮುಂದೆ ಥ್ಯಾಕರೆ ಮಡಿದದ್ದು, ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ ೧೮೨೯ರಲ್ಲಿ ತೀರಿಕೊಂಡದ್ದು, ಸಂಗೊಳ್ಳಿ ರಾಯಣ್ಣನನ್ನು ೧೮೩೧ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದ್ದು ಇವೆಲ್ಲ ಚರಿತ್ರೆಯ ಪುಸ್ತಕಗಳಿಗೆ ಬರುವ ಮೊದಲೇ ಲಾವಣಿಯ ಬಾಯಿಗೆ ಬಂದವು. ಬೈಲಹೊಂಗಲದಲ್ಲಿ ನಡೆದ ಸಂಗ್ಯಾ ಬಾಳ್ಯಾರ ದುರಂತವೂ ಹಾಗೆಯೇ ಹಾಡಾಯಿತು, ಆಟವಾಯಿತು. ಪತ್ತಾರ ಮಾಸ್ತರರ ಹೆಸರಿನಲ್ಲಿ ಪ್ರಚಾರದಲ್ಲಿರುವ ಆ ಸಣ್ಣಾಟವನ್ನು ಕಾಣದ ಊರು ಈ ಕಡೆಗೆ ಇಲ್ಲ. ಬ್ರಿಟಿಷ್ ಅಧಿಕಾರಿ ಜೆ. ಎಫ್. ಫ್ಲೀಟ್ ೧೮೮೫ರಿಂದಾಚೆಗೆ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಕನ್ನಡ ಲಾವಣಿಗಳನ್ನು ಪ್ರಕಟಿಸಿದನು. ಸಂಗೊಳ್ಳಿ ರಾಯಣ್ಣನ ಹಾಡೂ ಸಂಗ್ಯಾನ ಹಾಡೂ ಅವುಗಳಲ್ಲಿವೆ. ಸವದತ್ತಿಯ ರಟ್ಟಶಾಸನಗಳನ್ನು ಓದಿ ಅಚ್ಚು ಹಾಕಿಸಿದವನೂ ಇದೇ ಫ್ಲೀಟ್. ಶಾಸ್ತ್ರ ಕಲಿತ ಕವಿಯ ಕಲ್ಬರಹವನ್ನೂ ಶಾಸ್ತ್ರ ಕಾಣದ ಕವಿಯ ಹಾಡನ್ನೂ ಒಂದೇ ಸೀಮೆಯಿಂದ ಒಬ್ಬನೇ ಎತ್ತಿಕೊಂಡನು. ಎರಡನ್ನೂ ಸಮನಾಗಿ ಜೋಪಾನ ಮಾಡಬೇಕೆಂಬ ಬುದ್ಧಿ ಅಂದು ನಮ್ಮ ಪಂಡಿತರಲ್ಲಿ ಬಹುಮಂದಿಗೆ ಇರಲಿಲ್ಲ.

ಲಾವಣಿಕಾರರಿಗೆ ಶಿಕ್ಷಣವೇ ಇರಲಿಲ್ಲವೆಂದು ಯಾರೂ ತಿಳಿಯಬಾರದು. ಪಲ್ಲ, ನುಡಿ, ಚಾಲ, ಏರು, ಇಳುವು ಎಂದು ಅವರಿಗೂ ತಮ್ಮ ಪರಿಭಾಷೆ ಇದೆ. ಗುರುವಿನ ಹಿಂದೆ ನಿಂತು ಗೀಗೀ ಎಂದು ದನಿಗೂಡಿಸುತ್ತ ವರ್ಷಗಟ್ಟಲೆ ಕಲಿಯುತ್ತಾರೆ. ಹರದೇಶಿ, ನಾಗೇಶಿ ಮೇಳಗಳು ಎದುರುಬದಿರಾಗಿ ನಿಂತು, ಒಂದು ಗಂಡನ್ನೂ ಇನ್ನೊಂದು ಹೆಣ್ಣನ್ನೂ ಹೆಚ್ಚೆಂದು ಹಾಡಿ, ರಾತ್ರಿಯಿಡೀ ವಾದ ಮಾಡುವಾಗ ಹಾಡಿನಲ್ಲಿ ತಪ್ಪಿದವನನ್ನು ಜನರ ಎದುರಿಗೆ ಎದುರಾಳಿಯೇ ತಿದ್ದುತ್ತಾನೆ. ಕೊನೆಯ ನುಡಿಯಲ್ಲಿ ಕವಿಯು ತನ್ನ ಊರಿನ ಹೆಸರನ್ನೂ ಗುರುವಿನ ಹೆಸರನ್ನೂ ಸೇರಿಸುತ್ತಾನೆ. ಪಂಪನು ಪುಲಿಗೆರೆಯನ್ನು ಹೆಸರಿಸಿದುದಕ್ಕೂ ಇದಕ್ಕೂ ಮೂಲದಲ್ಲಿ ಭೇದವಿಲ್ಲ. ಈ ಸೀಮೆಯಲ್ಲಿ ಕಾವ್ಯಶಿಕ್ಷಣ ಎಂದೂ ನಿಂತಿರಲಿಲ್ಲ. ಅದಕ್ಕೆ ಪುಸ್ತಕದ ರೂಪ ಮಾತ್ರ ಇರಲಿಲ್ಲ.

‘ಕವಿರಾಜಮಾರ್ಗ’ದ ಅಚ್ಚಿನ ಪ್ರತಿ ನಮಗೆ ಸಿಕ್ಕಿದ್ದು ೧೮೯೮ರಲ್ಲಿ, ಕೆ. ಬಿ. ಪಾಠಕರ ಸಂಪಾದನೆಯಿಂದ. ಅದಕ್ಕೂ ಮುಂಚೆ ೧೮೭೨ರಲ್ಲಿ ಕಿಟ್ಟೆಲ್ಲರು ಮಂಗಳೂರಿನಲ್ಲಿ ‘ಶಬ್ದಮಣಿದರ್ಪಣ’ವನ್ನೂ ೧೮೭೫ರಲ್ಲಿ ‘ಛಂದೋಂಬುಧಿ’ಯನ್ನೂ ಪ್ರಕಟಿಸಿದ್ದರು. ಹೀಗೆ ಹಳೆಯ ಲಕ್ಷಣಗ್ರಂಥಗಳು ಮರಳಿ ಬಂದುದು ಕವಿಗಳಿಗಾಗಿ ಅಲ್ಲ, ಪಂಡಿತರಿಗೂ ಪರೀಕ್ಷೆಗೆ ಕೂಡುವ ವಿದ್ಯಾರ್ಥಿಗಳಿಗೂ ಎಂಬಂತಾಯಿತು. ನಾನು ಈ ಸೀಮೆಯ ಕಾಲೇಜುಗಳಲ್ಲಿ ಬಹುಕಾಲ ಕನ್ನಡ ಪಾಠ ಹೇಳಿದವನು. 'ಒಕ್ಕುಂದ' ಎಂಬ ಹೆಸರು ಬರುವ ಪದ್ಯವನ್ನು ವಿದ್ಯಾರ್ಥಿಗಳು ಬಾಯಿಪಾಠ ಮಾಡುತ್ತಿದ್ದರು. ಆ ಊರು ತಮ್ಮ ತಾಲ್ಲೂಕಿನದೆಂಬುದು ಅವರಲ್ಲಿ ಅನೇಕರಿಗೆ ತಿಳಿದಿರಲಿಲ್ಲ. ಕಥೆ ಬರೆಯುವ ಆಸೆಯುಳ್ಳ ವಿದ್ಯಾರ್ಥಿಯೊಬ್ಬ ಒಮ್ಮೆ ಕೇಳಿದ: “ಸರ್, ನಾವು ಮನ್ಯಾಗ ಮಾತಾಡೂದು ಬರ್‍ಯಾಕ ಬರ್ತದೇನ್ರಿ? ಪುಸ್ತಕದಾಗ ಹಂಗ ಇರೂದಿಲ್ಲಲ್ರಿ.” ಅವನ ಊರು ಒಕ್ಕುಂದಕ್ಕೆ ನಾಲ್ಕು ಹರಿದಾರಿಯೂ ದೂರವಿರಲಿಲ್ಲ. ಕನ್ನಡದ ತಿರುಳು ಇಲ್ಲಿದೆಯೆಂದು ಒಂದು ಪುಸ್ತಕ ಸಾರಿ ಸಾವಿರಕ್ಕೂ ಹೆಚ್ಚು ವರ್ಷಗಳಾದ ಮೇಲೆ, ಅದೇ ನೆಲದ ಹುಡುಗನೊಬ್ಬ ತನ್ನ ತಾಯಿಯ ಮಾತು ಬರವಣಿಗೆಗೆ ಯೋಗ್ಯವೋ ಅಲ್ಲವೋ ಎಂದು ಸಂಶಯಪಡುತ್ತಿದ್ದ. ಆ ಸಂಶಯವನ್ನು ಅವನಲ್ಲಿ ಬಿತ್ತಿದವೂ ಪುಸ್ತಕಗಳೇ.

ಅವನಿಗೆ ನಾನು ಕೊಟ್ಟ ಉತ್ತರ ಬೇಂದ್ರೆಯವರ ಕವನಸಂಗ್ರಹ. ಧಾರವಾಡದ ಓಣಿಯ ಮಾತನ್ನು, ಲಾವಣಿಯ ಧಾಟಿಯನ್ನು, ಹೆಣ್ಣುಮಕ್ಕಳ ಹಾಡಿನ ಲಯವನ್ನು ಶ್ರೇಷ್ಠ ಕಾವ್ಯವಾಗಿಸಿ, ‘ನಾಕುತಂತಿ’ಗೆ ಜ್ಞಾನಪೀಠ ಪ್ರಶಸ್ತಿಯನ್ನು ತಂದವರು ಅವರು. ಬೆಳಗಾವಿ ಜಿಲ್ಲೆಯವರೇ ಆದ ಬೆಟಗೇರಿ ಕೃಷ್ಣಶರ್ಮರು ‘ನಲ್ವಾಡುಗಳು’ ಸಂಗ್ರಹದಲ್ಲಿ ಹಳ್ಳಿಯ ನುಡಿಯಲ್ಲಿಯೇ ಹಾಡಿದರು. ಹಲಸಂಗಿಯ ಗೆಳೆಯರು ೧೯೩೧ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿ ಬೀಸುವ ಕಲ್ಲಿನ ತ್ರಿಪದಿಯನ್ನು ಅಚ್ಚಿನ ಲೋಕಕ್ಕೆ ತಂದರು. ಬರವಣಿಗೆಯ ನಿಯಮ ಹೇಳುವ ಪುಸ್ತಕಗಳಿಂದ ಸಿಗದ ಧೈರ್ಯವನ್ನು ಈ ಪುಸ್ತಕಗಳು ಕೊಡುತ್ತವೆ.

ಹಾಗೆಂದು ಕಲೆಯನ್ನು ಕುರಿತ ಗ್ರಂಥಗಳನ್ನು ಓದಬೇಡಿರೆಂದು ನಾನು ಹೇಳಲಾರೆ. ತೀ. ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ ೧೯೫೩ರಲ್ಲಿ ಬಂದಿತು. ಕವಿಗೆ ತನ್ನ ಕೆಲಸವೇನೆಂದು ಇಷ್ಟು ತಿಳಿಯಾಗಿ ಹೇಳಿದ ಗ್ರಂಥ ಕನ್ನಡದಲ್ಲಿ ಮತ್ತೊಂದು ಸಿಗುವುದು ಕಷ್ಟ. ಇಂಗ್ಲಿಷಿನಲ್ಲಿ ಇ. ಎಂ. ಫಾರ್ಸ್ಟರ್ ಕಾದಂಬರಿಯನ್ನು ಕುರಿತು ಕೇಂಬ್ರಿಜ್‌ನಲ್ಲಿ ಕೊಟ್ಟ ಉಪನ್ಯಾಸಗಳು ೧೯೨೭ರಲ್ಲಿ ಪುಸ್ತಕವಾದವು; ತಾನು ಕಾದಂಬರಿ ಬರೆದು ದಣಿದವನು ಗೆಳೆಯರೊಡನೆ ಮಾತಾಡಿದಂತೆ ಇರುವುದರಿಂದ ಅವು ಇಂದಿಗೂ ಹಳಸಿಲ್ಲ. ಜರ್ಮನ್ ಕವಿ ರಿಲ್ಕೆ ತರುಣ ಕವಿಯೊಬ್ಬನಿಗೆ ಬರೆದ ಪತ್ರಗಳಲ್ಲಿ ಒಂದು ಛಂದಸ್ಸಿನ ನಿಯಮವೂ ಇಲ್ಲ. ಬರೆಯದೆ ಇರಲಾಗದೆಂಬ ಒತ್ತಾಯ ನಿನ್ನಲ್ಲಿ ಉಂಟೇ ಎಂದು ನೋಡಿಕೋ ಎಂಬ ಸಲಹೆ ಇದೆ. ಈ ಮೂರೂ ಬೇರೆ ಬೇರೆ ಬಗೆಯ ಪುಸ್ತಕಗಳು. ಆದರೆ ಮೂರರಲ್ಲಿಯೂ ಬರೆದವನು ತನ್ನ ವಿದ್ಯೆಯ ಎಲ್ಲೆಯನ್ನು ಅರಿತಿದ್ದಾನೆ.

ಈ ಚರಿತ್ರೆಯಿಂದ ನಾವು ತಿಳಿಯಬೇಕಾದುದು ಇಷ್ಟು. ಕಲೆಯ ಪುಸ್ತಕವು ಕೇಳಿಸಿಕೊಂಡದ್ದನ್ನು ಹೇಳಿದಾಗ ಹುರುಪು ಕೊಡುತ್ತದೆ. ಬೇರೆ ಪುಸ್ತಕದಿಂದ ಎತ್ತಿಕೊಂಡದ್ದನ್ನು ವಿಧಿಸಿದಾಗ ಬೇಸರ ತರುತ್ತದೆ. ‘ಕವಿರಾಜಮಾರ್ಗ’ದಲ್ಲಿ ಎರಡೂ ಇವೆ. ನಾಡಿನ ಮಾತಿಗೆ ಕಿವಿಗೊಟ್ಟ ಅದರ ಭಾಗ ಇಂದಿಗೂ ಹೊಸದು; ದಂಡಿಯನ್ನು ಕನ್ನಡಿಸಿದ ಭಾಗ ಪಂಡಿತರ ಸ್ವತ್ತಾಗಿ ಉಳಿದಿದೆ. ತಪ್ಪನ್ನು ತೋರಿಸುವುದು, ಹದವನ್ನು ಹೇಳುವುದು, ನಿನ್ನ ಮಾತಿಗೂ ಮರ್ಯಾದೆ ಉಂಟೆಂದು ಧೈರ್ಯ ಕೊಡುವುದು ಇಷ್ಟನ್ನು ಪುಸ್ತಕ ಮಾಡಬಲ್ಲದು. ಹೇಳಬೇಕಾದ ಸಂಗತಿಯನ್ನು ಅದು ಕೊಡಲಾರದು; ಅದನ್ನು ಬರೆಯುವವನೇ ತರಬೇಕು.

ಆದುದರಿಂದ ಬೈಲಹೊಂಗಲದ ಸಂತೆಯಲ್ಲಿ ಎತ್ತಿನ ವ್ಯಾಪಾರ ಕೇಳುತ್ತ ಬೆಳೆದವರಿಗೆ, ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಚೌಡಿಕೆಯ ಪದಗಳನ್ನು ಕೇಳಿದವರಿಗೆ, ರಾಮದುರ್ಗದ ಮಗ್ಗದ ಸಪ್ಪಳದಲ್ಲಿ ನಿದ್ದೆ ಹೋದವರಿಗೆ, ಕಿತ್ತೂರಿನ ಕೋಟೆಯ ಹಾಳುಗೋಡೆಗಳ ನಡುವೆ ಆಡಿದವರಿಗೆ ನಾನು ಹೇಳುವುದು ಒಂದೇ ಮಾತು. ಕಲೆಯ ಪುಸ್ತಕಗಳನ್ನು ಓದಿರಿ. ಅವು ಹೇಳಿದ ಹದವನ್ನು ಕಲಿಯಿರಿ. ಆದರೆ ನಿಮ್ಮ ಮಾತು ಬರೆಯಲು ಬರುವುದೋ ಇಲ್ಲವೋ ಎಂಬ ಅಪ್ಪಣೆಯನ್ನು ಅವುಗಳಿಂದ ಕೇಳಬೇಡಿರಿ. ಆ ಅಪ್ಪಣೆ ಒಂಬತ್ತನೆಯ ಶತಮಾನದಲ್ಲಿಯೇ, ನಿಮ್ಮ ಹೊಳೆಯ ದಂಡೆಯ ಊರೊಂದರ ಹೆಸರಿನೊಡನೆ, ದೊರೆತುಹೋಗಿದೆ.